ಹುಳುವಿನ ಮನೆಯ ಎಸಿ

ಆ ಮನೆಯಲ್ಲಿ ಎಸಿ ಇದ್ದದ್ದು ಮನುಷ್ಯರಿಗಲ್ಲ, ಹುಳುಗಳಿಗೆ. ಬೇಸಿಗೆಯ ಮಧ್ಯಾಹ್ನ ಮನೆಯ ಯಜಮಾನರು ಒದ್ದೆ ಟವೆಲ್ಲನ್ನು ಎದೆಯ ಮೇಲೆ ಹರಡಿಕೊಂಡು ಜಗಲಿಯಲ್ಲಿ ಉಸ್ಸಪ್ಪಾ ಎಂದು ಹೊರಳಾಡುತ್ತಿದ್ದರೆ, ಗೋಡೆಯ ಆಚೆ ಬದಿಯಲ್ಲಿ ರೇಷ್ಮೆ ಹುಳುಗಳು ತಣ್ಣಗೆ ಸೊಪ್ಪು ತಿನ್ನುತ್ತಿದ್ದವು. ನಂದಗುಡಿ ಹೋಬಳಿಯ ಆ ಹಳ್ಳಿಯ ಶಾಲೆಗೆ ನಾನು ಟೀಚರಾಗಿ ಹೋದ ಹೊಸತು. ಬಾಡಿಗೆಗೆ ಕೋಣೆ ಕೇಳಲು ಹೋದವಳು ಈ ನೋಟ ಕಂಡು ಕಿಸಕ್ಕನೆ ನಕ್ಕುಬಿಟ್ಟೆ. ಒಳಗಿಂದ ಬಂದ ಮನೆಯೊಡತಿ ನನ್ನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ಯಾಕ್ ನಗ್ತೀರಾ ಟೀಚರಮ್ಮ? ಇವ್ರೇನು ಗೂಡು ಕಟ್ತಾರಾ?"

ಯಜಮಾನರು ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡರು. ಆ ಕ್ಷಣಕ್ಕೇ ನನಗೆ ಆ ಹೆಂಗಸು ಇಷ್ಟವಾಗಿಬಿಟ್ಟರು. ಮಹಡಿಯ ಮೇಲಿನ ಕೋಣೆ ಹಿಡಿದೆ. ವರ್ಗವಾಗಿ ದೊಡ್ಡಬಳ್ಳಾಪುರಕ್ಕೆ ಬರುವವರೆಗೂ ಅಲ್ಲೇ ಇದ್ದೆ. ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಕೋಣೆಗೆ ಬಂದ ಮೊದಲ ಬೆಳಿಗ್ಗೆಯೇ ಅಕ್ಕನಿಂದ ಬೈಸಿಕೊಂಡೆ. ಶಾಲೆಗೆ ಹೊರಟವಳು ಮೆಟ್ಟಿಲಿಳಿದು ಹುಳುವಿನ ಮನೆಯ ಬಾಗಿಲ ಮುಂದೆ ಹಾದುಹೋದೆ. ಅಕ್ಕ ಬಾಗಿಲಲ್ಲಿ ನಿಂತು ಮೂಗರಳಿಸಿ, "ನಿಂತ್ಕೊಳಿ! ಏನು ಹಾಕ್ಕೊಂಡಿದೀರಾ ಮೈಗೆ?" ಎಂದರು. ಹಾಕಿಕೊಂಡದ್ದು ಸೆಂಟು, ಅದೂ ತಂಗಿ ಹುಟ್ಟುಹಬ್ಬಕ್ಕೆ ಕೊಟ್ಟದ್ದು. "ನಿಮ್ಗೆ ಗಮಗಮ, ನನ್ ಮಕ್ಳಿಗೆ ವಿಷ" ಎಂದು ನನ್ನನ್ನು ಹಿತ್ತಿಲ ಬಾಗಿಲಿಂದ ಬೀದಿಗೆ ಕಳಿಸಿದರು. ಆವತ್ತಿನಿಂದ ಸೆಂಟು ಪೆಟ್ಟಿಗೆಯೊಳಗೆ ಸೇರಿತು. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಅಗರಬತ್ತಿ ದೇವರಿಗೂ ಇಲ್ಲ, ದೇವರು ಬರೀ ದೀಪದಲ್ಲಿ ಸುಧಾರಿಸಿಕೊಳ್ಳುತ್ತಿದ್ದ. ಹುಳುವಿನ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಕಾಲಿಟ್ಟರೆ ಕೈಕಾಲು ತೊಳೆದು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ತಟ್ಟೆ ತುಳಿದು, ಬಾಯಿ ಮುಚ್ಚಿಕೊಂಡು ಬರಬೇಕು. ನಾನು ಆ ಯೋಗ್ಯತೆ ಪಡೆಯಲು ವಾರಗಟ್ಟಲೆ ಬೇಕಾಯಿತು!

ಅಕ್ಕನಿಗೆ ಹೊಸ ವಸ್ತು ಎಂದರೆ ಪ್ರಾಣ. ಹಳ್ಳಿಯ ಹೆಂಗಸರೆಂದರೆ ಹಳೆಯದನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕುವವರು ಎಂದುಕೊಂಡಿದ್ದ ನನಗೆ ಈ ಹೆಂಗಸು ಬೇರೆಯೇ ಪಾಠ ಮಾಡಿದರು. ಕುಕ್ಕರಿನ ರಬ್ಬರು ಸಡಿಲವಾದರೆ ಕುಕ್ಕರನ್ನೇ ಬದಲಾಯಿಸಬೇಕು. ಯಾರ ಮನೆಗಾದರೂ ಹೊಸ ಸಾಮಾನು ಬಂದರೆ ನೋಡಿಕೊಂಡು ಬಂದು, ತೊಡೆಗೆ ಫಟ್ಟನೆ ಹೊಡೆದು, "ತಂದ್ಬಿಡಾನ!" ಎನ್ನುವರು. ಆ ತೊಡೆಯ ಸದ್ದು ಕೇಳಿದರೆ ಯಜಮಾನರ ಎದೆ ಝಲ್ಲೆನ್ನುತ್ತಿತ್ತು. ಅವರು ಇನ್ನೊಂದು ತುದಿ. ಚಪ್ಪಲಿಯ ಉಂಗುಷ್ಟ ಕಿತ್ತರೆ ತಂತಿ, ಕೊಡೆಯ ಕಡ್ಡಿ ಮುರಿದರೆ ತಂತಿ, ಕನ್ನಡಕದ ಕಾಲಿಗೂ ತಂತಿ. ಅವರ ಜೇಬಿನಲ್ಲಿ ಎಲೆಅಡಿಕೆ ಇಲ್ಲದೆ ಇರಬಹುದು, ಒಂದು ಸುರುಳಿ ತಂತಿ ಇಲ್ಲದೆ ಇರುತ್ತಿರಲಿಲ್ಲ.

"ನನ್ನ ಒಬ್ಳನ್ನೇ ಇನ್ನೂ ತಂತಿ ಹಾಕಿ ಕಟ್ಟಿಲ್ಲ" ಎಂದು ಅಕ್ಕ ನನ್ನೆದುರೇ ಅನ್ನುವರು.

"ಕಟ್ಬೋದಿತ್ತು, ನಿಲ್ಬೇಕಲ್ಲ ಒಂದ್ಕಡೆ" ಎಂದು ಯಜಮಾನರು ತಂತಿ ತಿರುಚುತ್ತಲೇ ಉತ್ತರ ಕೊಡುವರು. ಈ ಜಗಳ ಕೇಳುವುದಕ್ಕೆಂದೇ ನಾನು ಸಂಜೆಯ ಕಾಫಿಯನ್ನು ಜಗಲಿಗೆ ತಂದು ಕುಡಿಯುತ್ತಿದ್ದೆ.

ಹುಳುವಿನ ಮನೆಗೆ ಎಸಿ ಬಂದದ್ದೂ ಅದೇ ತೊಡೆಯ ಸದ್ದಿನಿಂದ. ಅಲ್ಲೇ ಹತ್ತಿರದ ವಿಜಯಪುರದ ಕಡೆ ಯಾರೋ ಹುಳುವಿಗೆ ಎಸಿ ಹಾಕಿಸಿದ್ದಾರೆಂದು ಕೇಳಿ, ಹೋಗಿ ನೋಡಿ ಬಂದು, ಹಾಕಿಸಿಯೇಬಿಟ್ಟರು. ಊರೆಲ್ಲ ನಕ್ಕಿತು. ಅಕ್ಕ ಲೆಕ್ಕಿಸಲಿಲ್ಲ. ಸೆಖೆಗೆ ಹುಳ ಸೊಪ್ಪು ಬಿಟ್ಟು ಸಪ್ಪಗಾಗಿ ಸಾಯುವ ರೋಗ ಬೇಸಿಗೆಯಲ್ಲೇ ಜಾಸ್ತಿ. ಎಸಿ ಬಂದ ಮೇಲೆ ಅಕ್ಕ ಬೇಸಿಗೆಯಲ್ಲೂ ಬೆಳೆ ತೆಗೆದರು. ಹುಳು ಸಾಕುವವರು ಮೊಟ್ಟೆಯಿಂದ ಗೂಡಿನವರೆಗಿನ ಒಂದು ಸುತ್ತನ್ನು ಬೆಳೆ ಎನ್ನುತ್ತಾರೆ. ರಾಗಿಯ ಹಾಗೆ ಅದೂ ಬೆಳೆಯೇ.

ಆದರೆ ನಾನು ಹೋಗುವ ಹಿಂದಿನ ಬೇಸಿಗೆಯಲ್ಲಿ ಎಸಿ ಇದ್ದರೂ ಬೆಳೆ ಬಿತ್ತು, ಹುಳ ಗೂಡು ಕಟ್ಟುವ ಮೊದಲೇ ಸತ್ತವು. ಯಜಮಾನರಿಗೆ ಅಷ್ಟೇ ಸಾಕಾಯಿತು. ಹೆದ್ದಾರಿ ಕಡೆಯಿಂದ ಗೋಡೌನುಗಳು ಒಂದೊಂದೇ ಹೊಲ ದಾಟಿ ಊರಿನತ್ತ ಬರುತ್ತಿದ್ದವು. ಯಾವುದೋ ಕಂಪನಿಯವರು ಹಿಪ್ಪುನೇರಳೆ ತೋಟದ ಜಾಗವನ್ನು ಗೋಡೌನಿಗೆ ಬಾಡಿಗೆಗೆ ಕೇಳಿಕೊಂಡು ಎರಡು ಸಲ ಬಂದು ಹೋಗಿದ್ದರು. ಸೊಪ್ಪಿನ ತೋಟ ಹೋದರೆ ಹುಳ ಇಲ್ಲ, ಹುಳ ಇಲ್ಲದಿದ್ದರೆ ಅಕ್ಕನಿಗೆ ಮಾಡಲು ಅಡುಗೆ ಬಿಟ್ಟು ಏನೂ ಇಲ್ಲ. ಒಂದು ಸಂಜೆ ಜಗಲಿಯಲ್ಲಿ, ನನ್ನೆದುರಿಗೇ, ಇಬ್ಬರೂ ಪಂದ್ಯ ಕಟ್ಟಿದರು.

"ಈ ಬ್ಯಾಸ್ಗೆ ಬೆಳೆ ಎದ್ರೆ ತೋಟ ನಿಂದು. ಬಿದ್ರೆ ಜೆಸಿಬಿ ನಂದು" ಎಂದರು ಯಜಮಾನರು.

"ಆಯ್ತು ನಡೀರಿ. ಟೀಚರಮ್ಮ ಸಾಕ್ಷಿ" ಎಂದರು ಅಕ್ಕ.

ಸಾಕ್ಷಿಯಾದ ಮೇಲೆ ಹುಳುವಿನ ಮನೆಗೆ ನನಗೆ ಪ್ರವೇಶ ಸಿಕ್ಕಿತು. ಒಳಗೆ ಅಟ್ಟಣಿಗೆಗಳ ಮೇಲೆ ಹಸಿರು ರೆಂಬೆ, ರೆಂಬೆಯ ಮೇಲೆ ಹುಳ. ಹುಳು ಬೆಳೆಯುತ್ತಾ ನಾಲ್ಕು ಸಲ ಊಟ ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಮಲಗಿ, ಚರ್ಮ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಹಸಿವೇ! ಆ ಒಂದು ವಾರ ಅದಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬೇಕು, ತಂಪು ಬೇಕು. ಆಮೇಲೆ ಗೂಡು ಕಟ್ಟುತ್ತದೆ. ಅಷ್ಟೂ ಹುಳ ಒಟ್ಟಿಗೆ ತಿನ್ನುವಾಗ ಸೋನೆ ಮಳೆ ಸುರಿದ ಸದ್ದು ಬರುತ್ತದೆ. ಅಕ್ಕ ಕಣ್ಣು ಮುಚ್ಚಿ ಅದನ್ನು ಕೇಳುತ್ತಾ ನಿಲ್ಲುವರು. "ಕೇಳ್ರಿ, ಕೇಳ್ರಿ, ಹೆಂಗ್ ಉಣ್ತಾವೆ ನೋಡ್ರಿ ನನ್ ಕಂದಮ್ಮಗಳು!" ಎಂದು ನನ್ನ ಮೊಣಕೈ ಹಿಂಡುವರು. ಮೊಣಕೈ ನೋಯುತ್ತಿತ್ತು, ಆದರೂ ಅವರ ಖುಷಿ ನನಗೂ ಹತ್ತಿಬಿಡುತ್ತಿತ್ತು.

ಆ ವರ್ಷ ಇನ್ನೊಂದು ಆಗಿತ್ತು. ಹುಳುವಿನ ಮನೆಯ ಪಶ್ಚಿಮದ ಗೋಡೆಗೆ ನೆರಳಾಗಿದ್ದ ಹೊಂಗೆ ಮರವನ್ನು ಕರೆಂಟಿನ ತಂತಿಗೆ ತಾಗುತ್ತದೆಂದು ಕಡಿದು ಹಾಕಿದ್ದರು. ಆ ಗೋಡೆಗೇ ಎಸಿಯ ಹೊರಗಿನ ಡಬ್ಬ ಇದ್ದದ್ದು. ಬಿಸಿಲು ನೆತ್ತಿಯಿಂದ ಜಾರಿದ ಕೂಡಲೇ ಅದರ ಮೇಲೆ ಬೀಳತೊಡಗಿತು. ಅಕ್ಕನಿಗೆ ತಡೆಯಲಿಲ್ಲ. ಸೆಖೆಗಾಲದಲ್ಲಿ ಹುಳುವಿನ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟುವುದು ಅಲ್ಲಿಯ ರೂಢಿ. ಗಾಳಿ ಗೋಣಿಯೊಳಗೆ ಹಾದು ತಂಪಾಗಿ ಬರಲಿ ಎಂದು. ಅಕ್ಕ ಒಂದು ಗೋಣಿಯನ್ನು ನೀರಲ್ಲಿ ಅದ್ದಿ ಆ ಡಬ್ಬಕ್ಕೂ ಸುತ್ತಿದರು. "ಪಾಪ, ಎಲ್ಲಾರ್ಗೂ ತಂಪು ಕೊಡೋದು ಇದು. ಇದಕ್ಕೆ ಯಾರ್ ಕೊಡ್ಬೇಕು?" ಎಂದರು. ಮಧ್ಯಾಹ್ನ ಸುತ್ತುವುದು, ಸಂಜೆ ಬಿಚ್ಚಿ ಒಣಹಾಕುವುದು. ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡು ನಾನೂ ಒಂದು ದಿನ ಗೋಣಿಯ ಒಂದು ತುದಿ ಹಿಡಿದುಕೊಟ್ಟೆ.

ಅದೇ ಹೊತ್ತಿಗೆ ಹುಳು ನಾಲ್ಕನೇ ಜ್ವರದಿಂದ ಎದ್ದವು. ಆ ದಿನವೇ ಮಧ್ಯಾಹ್ನ ಎಸಿ ಗಾಳಿ ಬಿಡುತ್ತಿದೆ, ತಂಪು ಬಿಡುತ್ತಿಲ್ಲ. ಸಂಜೆಗೆ ತಾನಾಗಿ ಸರಿಹೋಯಿತು. ಮಾರನೆಯ ಮಧ್ಯಾಹ್ನ ಮತ್ತೆ ಅದೇ ಕಥೆ. ಅಕ್ಕ ಹೊಸಕೋಟೆಯ ಮೆಕ್ಯಾನಿಕ್ಕಿಗೆ ಫೋನಿನಲ್ಲೇ ಕೂಗಾಡಿ, ಮರುದಿನ ಬೆಳಿಗ್ಗೆ ಬರುವಂತೆ ಮಾಡಿದರು.

ಬಂದವನು ಬೈಕಿನಿಂದ ಇಳಿಯುವಾಗ ಬೀಡಿಯನ್ನು ಕಾಲಲ್ಲಿ ಹೊಸಕಿ ಹಾಕಿದ. ಅದನ್ನು ಅಕ್ಕ ನೋಡಿಬಿಟ್ಟರು.

"ನೀನು ಸ್ನಾನ ಮಾಡು."

"ಆ? ನಾನು ಎಸಿ ನೋಡಕ್ ಬಂದಿರೋದು ಅಮ್ಮಾ."

"ಎಸಿ ಓಡೋಗಲ್ಲ. ಬೀಡಿ ವಾಸ್ನೆ ಹೊತ್ಕೊಂಡು ಒಳಗ್ ಕಾಲಿಕ್ಕಿದ್ರೆ ನನ್ ಹುಳ ಸಾಯ್ತಾವೆ. ಹಿತ್ಲಲ್ಲಿ ನಲ್ಲಿ ಐತೆ, ಸೋಪು ಬ್ಯಾಡ, ಬರೀ ನೀರು."

ಆ ಮನುಷ್ಯ ನನ್ನ ಮುಖ ನೋಡಿದ. ನಾನು ಸೆಂಟಿನ ಕಥೆ ಹೇಳಿದೆ. ಬೇರೆ ದಾರಿ ಇಲ್ಲವೆಂದು ಅವನಿಗೆ ಅರ್ಥವಾಯಿತು. ಮಿಂದು, ಯಜಮಾನರ ಪಂಚೆ ಉಟ್ಟು, ಮೈಯಿಂದ ನೀರು ತೊಟ್ಟಿಕ್ಕಿಸುತ್ತಾ, ಕೈಯಲ್ಲಿ ಸ್ಪ್ಯಾನರು ಹಿಡಿದು ಒಳಗೆ ಬಂದ ಎಸಿ ಮೆಕ್ಯಾನಿಕ್ಕನ್ನು ಜಗತ್ತಿನಲ್ಲಿ ನಾನೊಬ್ಬಳೇ ನೋಡಿರಬೇಕು. ಬೆಳಗಿನ ತಂಪಿನಲ್ಲಿ ಎಸಿ ಚೆನ್ನಾಗಿಯೇ ಓಡುತ್ತಿತ್ತು. ಹೊರಗಿನ ಡಬ್ಬ ಗೋಣಿಯಿಲ್ಲದೆ ಬೆತ್ತಲೆ ನಿಂತಿತ್ತು. ಗ್ಯಾಸು ನೋಡಿದ, ಸರಿಯಿದೆ. ವೈರು ನೋಡಿದ, ಸರಿಯಿದೆ. ತಲೆ ಕೆರೆದುಕೊಂಡು ಹೇಳಿದ:

"ಬಿಸಿಲಲ್ಲಿ ಎಳೆಯಕ್ಕೆ ಆಗ್ತಿಲ್ಲಮ್ಮ ಇದಕ್ಕೆ. ಕಂಪ್ರೆಸರ್ ವೀಕಾಗೈತೆ. ರಿಪೇರಿ ಬೇಕಂದ್ರೆ ಅದನ್ನ ಬದಲಾಯಿಸ್ಬೇಕು, ಸಾಮಾನು ಬರಕ್ಕೆ ನಾಕೈದು ದಿನ ಆಗುತ್ತೆ. ಹೊಸದು ಬೇಕಂದ್ರೆ ಇವತ್ ಸಂಜೆನೇ ಹಾಕ್ಕೊಡ್ತೀನಿ. ನೀವೇ ಯೋಚ್ನೆ ಮಾಡಿ."

ಯೋಚನೆ ಮಾಡಲು ಇಡೀ ಬೀದಿ ಜಗಲಿಗೆ ಬಂತು! ಹಾಲಿನ ಡೈರಿಗೆ ಹೊರಟವರು ಕ್ಯಾನು ಇಳಿಸಿ ಕೂತರು. ರಿಪೇರಿಯವರದು ಒಂದು ಸಾಲು, ಹೊಸದು ಬೇಕೆನ್ನುವವರದು ಒಂದು ಸಾಲು. "ಹಳೇ ಕಾಲದ ತಾಮ್ರ ಕಣವ್ವ ಅದು, ಈಗಿಂದು ಬರೀ ತಗಡು" ಎಂದರು ಒಬ್ಬರು. "ಒಂದ್ಸಲ ಬಿಚ್ಚಿದ್ ಮಿಷಿನ್ನು ಮತ್ತೆ ಸರಿಹೋಗಿದ್ದು ಎಲ್ ನೋಡಿದ್ಯ?" ಎಂದರು ಇನ್ನೊಬ್ಬರು. ಇನ್ನೂ ಒಬ್ಬರು ಎಸಿಯ ಮಾತಿಗೆ ಬಂದವರು ತಮ್ಮ ಸೀಮೆಹಸು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಕೇಳಿ ಬೈಸಿಕೊಂಡರು. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ. ನಾನು ಓದಿದವಳಲ್ಲವೇ, ಫೋನು ತೆಗೆದು ಹುಡುಕಿದೆ. ಎಸಿ ಹಳತಾಗಿದ್ದು ದೊಡ್ಡ ಭಾಗವೇ ಕೆಟ್ಟಿದ್ದರೆ ಹೊಸದು ಕೊಳ್ಳುವುದು ವಾಸಿ ಎಂದು ಗಂಭೀರವಾಗಿ ಓದಿ ಹೇಳಿದೆ.

"ನಿಮ್ ಫೋನು ಯಾವತ್ತಾದ್ರೂ ಹುಳ ಸಾಕೈತಾ ಟೀಚರಮ್ಮ?" ಎಂದರು ಅಕ್ಕ. ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಯಜಮಾನರು ಮಾತ್ರ ತಂತಿ ತಿರುಚುತ್ತಾ ತಲೆ ತಗ್ಗಿಸಿಕೊಂಡೇ ಇದ್ದರು. ಕೊನೆಗೆ, "ರಿಪೇರಿ ಮಾಡ್ಸು. ನಾಕು ದಿನ ತಾನೆ, ತಡ್ಕೊ" ಎಂದರು. ಅವರು ಇನ್ನೇನು ಹೇಳಿಯಾರು? ಆ ಬಾಯಿಂದ ಹೊಸದು ಎಂಬ ಮಾತು ಯಾರೂ ಕೇಳಿರಲಿಲ್ಲ.

"ನಾನ್ ತಡ್ಕೊತೀನಿ. ಅವು ತಡ್ಕೊತಾವಾ?" ಎಂದು ಅಕ್ಕ ಗೋಡೆಯ ಕಡೆ ಕೈ ತೋರಿಸಿದರು. ನಾಲ್ಕು ದಿನದಲ್ಲಿ ಹುಳುವಿನ ಹಣೆಬರಹ ತೀರ್ಮಾನವಾಗಿರುತ್ತದೆ. ತೋಟದ್ದೂ ಆಗಿರುತ್ತದೆ. ಅಕ್ಕ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು. ಆಮೇಲೆ ತೊಡೆಯ ಮೇಲೆ ಏಟು ಬಿತ್ತು. "ತಂದ್ಬಿಡಾನ!"

ಆ ಸಂಜೆಯ ಸಡಗರವನ್ನು ಹೇಗೆ ಹೇಳಲಿ? ಗೂಡ್ಸ್ ಆಟೋದಲ್ಲಿ ಹೊಸ ಎಸಿ ಊರ ಬಾಗಿಲಿಗೆ ಬಂದಾಗ ಮಕ್ಕಳು ಅದರ ಹಿಂದೆಯೇ ಓಡಿಬಂದವು. ಪೆಟ್ಟಿಗೆ ಬಿಚ್ಚುವ ಮೊದಲು ಅಕ್ಕ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿದರು. ಕರ್ಪೂರ ಹಚ್ಚುವಂತಿಲ್ಲವಲ್ಲ, ಬರೀ ತುಪ್ಪದ ದೀಪ. ಗೋಡೆ ಕೊರೆದರೆ ದೂಳು ಹುಳುವಿನ ಮೇಲೆ ಬೀಳುತ್ತದೆಂದು, "ಹಳೇ ತೂತಲ್ಲೇ ತೂರ್ಸು, ಹೊಸ ತೂತು ಕೊರೆದ್ಯೋ ನೋಡು!" ಎಂದು ಮೆಕ್ಯಾನಿಕ್ಕಿನ ಬೆನ್ನಿಗೇ ನಿಂತರು. ಪಾಪ, ಅವನು ಈ ಸಲ ಹೇಳಿಸಿಕೊಳ್ಳದೆ ತಾನೇ ನಲ್ಲಿಯ ಕಡೆ ನಡೆದಿದ್ದ. ಅಟ್ಟಣಿಗೆಗಳ ಮೇಲೆ ಅಕ್ಕನ ಹತ್ತಿ ಸೀರೆಗಳನ್ನೆಲ್ಲ ಹೊದಿಸಿದೆವು. ಹಳೆಯ ಎಸಿ ಇಳಿದು ನಡುಮನೆಯ ಮೂಲೆಗೆ ಬಂದು ಕೂತಿತು. ಹೊಸದು ಶುರುವಾದಾಗ ಅದರ ಸದ್ದೇ ಕೇಳಿಸಲಿಲ್ಲ, ಹುಳು ತಿನ್ನುವ ಸದ್ದಷ್ಟೇ ಕೇಳಿಸಿತು. ಅಕ್ಕ ನನ್ನ ಎರಡೂ ಮೊಣಕೈ ಹಿಂಡಿದರು.

ಮರುದಿನ ಭಾನುವಾರ, ನಾನು ಮನೆಯಲ್ಲೇ ಇದ್ದೆ. ಊಟದ ಹೊತ್ತಿಗೆ ಕೆಳಗಿನಿಂದ ಅಕ್ಕನ ಕೂಗು ಕೇಳಿತು. ಇಳಿದು ಓಡಿದೆ. ಹೊಸ ಎಸಿ ಬೆಚ್ಚಗಿನ ಗಾಳಿ ಬಿಡುತ್ತಾ ನಿಂತಿತ್ತು!

ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ ಅವನು ಬೆಂಗಳೂರಿನಲ್ಲಿ ಯಾರದೋ ಮನೆಯಲ್ಲಿದ್ದ. ಸಂಜೆ ಬರುತ್ತೇನೆಂದ. ಅಕ್ಕ ಕಿಟಕಿಯ ಗೋಣಿಗಳಿಗೆ ಮತ್ತೆ ನೀರು ಚಿಮುಕಿಸಿದರು. ನಾನು ಮೊರ ಹಿಡಿದು ಬೀಸತೊಡಗಿದೆ, ಅವರು ಸೆರಗಿನಿಂದ ಬೀಸತೊಡಗಿದರು. ಒಳಗಿನ ಸೆಖೆ ಏರುತ್ತಲೇ ಇತ್ತು. ಆಗ ನನಗೆ ಗೊತ್ತಾಯಿತು, ಸದ್ದು ಕಡಿಮೆಯಾಗುತ್ತಿದೆ. ಆ ಸೋನೆ ಮಳೆ ನಿಲ್ಲುತ್ತಾ ಬಂತು. ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂತವು. ಅಕ್ಕನೂ ಸುಮ್ಮನಾದರು. ನಾನು ಅವರನ್ನು ಕಂಡಂದಿನಿಂದ ಆ ಬಾಯಿ ಸುಮ್ಮನಿದ್ದದ್ದು ಕಂಡಿರಲಿಲ್ಲ. ನನಗೆ ಅಳು ಬಂತು. ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ, ಸೆರಗು ಬೀಸುತ್ತಲೇ ಇದ್ದರು. ಯಜಮಾನರು ಬಾಗಿಲ ಬಳಿ ಬಂದು ಕೊಂಚ ಹೊತ್ತು ನಿಂತರು. ಆಮೇಲೆ ಹೊರಟುಹೋದರು.

ಎಷ್ಟು ಹೊತ್ತಾಯಿತೋ ತಿಳಿಯದು. ಬೆನ್ನಿಗೆ ತಣ್ಣಗಾಯಿತು. ತಿರುಗಿ ನೋಡಿದರೆ ಎಸಿ ತಂಪು ಬಿಡುತ್ತಿದೆ! ನಾನು ಮೊರ ಕೆಳಗಿಟ್ಟೆ. ಇಬ್ಬರೂ ಉಸಿರು ಹಿಡಿದು ಕೂತೆವು. ಒಂದು ಮೂಲೆಯಿಂದ ಕರಕರ ಎಂದು ಸಣ್ಣಗೆ ಶುರುವಾಯಿತು. ಇನ್ನೊಂದು ಮೂಲೆಗೆ ಹಬ್ಬಿತು. ಬೆಳಕು ಇಳಿಯುವ ಹೊತ್ತಿಗೆ ಮನೆ ತುಂಬ ಮಳೆ ಹೊಯ್ಯುತ್ತಿತ್ತು. ಅಕ್ಕ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವರ ನಗು ಕೇಳಿಸಿತು. ನಗು ಎಂದರೆ ಅಂಥಿಂಥ ನಗುವಲ್ಲ, ಬೀದಿಯ ನಾಯಿಗಳು ಎದ್ದು ಬೊಗಳುವಂಥ ನಗು.

"ಬರ್ರೇ ಎಲ್ಲಾ! ಬಂದು ನನ್ ಬುದ್ಧಿ ನೋಡ್ರೇ!" ಎಂದು ಬೀದಿಗೇ ಕೂಗಿದರು. ಜನ ಸೇರಿತು. ಅಕ್ಕ ಒದ್ದೆ ಗೋಣಿಯನ್ನು ಬಾವುಟದಂತೆ ಎತ್ತಿ ಹಿಡಿದು ಹೇಳಿದರು. "ಆ ಡಬ್ಬಕ್ಕೂ ಉಸ್ರಾಡಕ್ ಬೇಕಂತೆ ಕಣ್ರೇ! ಒಳಗಿನ್ ಸೆಖೆನೆಲ್ಲಾ ಅದು ಆಚೆಗ್ ಊದ್ಬೇಕು. ನಾನು ಬಿಸ್ಲಾಗುತ್ತೆ ಪಾಪ ಅಂತ ಮೂಗು ಬಾಯಿ ಎಲ್ಲಾ ಗೋಣಿ ಸುತ್ತಿ ಕಟ್ಟಿದ್ದೆ! ಹಳೇದಕ್ಕೂ ಕಟ್ದೆ, ಹೊಸದಕ್ಕೂ ಕಟ್ದೆ! ಎಲ್ಲೋ ಹೊಳೀತು, ನಾನೇ ಹೋಗಿ ಕಿತ್ತಾಕ್ದೆ ನೋಡ್ರಿ, ತಂಪು ಬಂದೇ ಬಿಡ್ತು!"

ನನಗೆ ಚೂರು ಗೊಂದಲವಾಯಿತು. ತಂಪು ಬಂದಾಗ ಅವರು ನನ್ನ ಪಕ್ಕದಲ್ಲೇ ಸೆರಗು ಬೀಸುತ್ತಿದ್ದರು. ಎದ್ದು ಹೋದದ್ದು ಆಮೇಲೆ. ಆದರೆ ಕಥೆ ಹೇಳುವವರು ಅಷ್ಟು ಒಗ್ಗರಣೆ ಹಾಕುತ್ತಾರೆ ಎಂದುಕೊಂಡೆ. ಸಂಜೆ ಮೆಕ್ಯಾನಿಕ್ ಬಂದು ವಿಷಯ ಕೇಳಿ ನೆಲದ ಮೇಲೆ ಕೂತು ನಕ್ಕ. ಅವನಿಗೆ ಅಕ್ಕ ಹೋಳಿಗೆ ತಿನ್ನಿಸಿದರು, ಆವತ್ತು ಸ್ನಾನ ಮಾಡಿಸಲಿಲ್ಲ.

ಬೆಳೆ ಎದ್ದಿತು! ಹುಳು ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆ ಏರಿ, ಹಳದಿ ಬೆಳಕಿನಂಥ ಗೂಡು ಕಟ್ಟಿದವು. ಗೂಡು ಬಿಡಿಸುವ ದಿನ ನಾನು ಶಾಲೆಗೆ ರಜೆ ಹಾಕಿ ಕೂತೆ. ಅಕ್ಕ ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸಿ ನನ್ನ ಕಿವಿಗೂ ಹಿಡಿದರು, ಒಳಗೆ ಕೋಶವಾದ ಹುಳು ಟಕಟಕ ಎಂದಿತು. ಯಜಮಾನರು ಮೂಟೆ ಹೊತ್ತು ಮಾರುಕಟ್ಟೆಗೆ ಹೋಗಿ ಬಂದು ಜಗಲಿಯಲ್ಲಿ ಕೂತು, "ತೋಟ ನಿಂದೇ" ಎಂದಷ್ಟೇ ಹೇಳಿದರು. ಕಂಪನಿಯವರು ಮತ್ತೆ ಬಂದಾಗ ಅಕ್ಕ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಇನ್ನು ಆ ಹಳೆಯ ಎಸಿ. ಕೆಡದೆ ಇದ್ದದ್ದನ್ನು ಏನು ಮಾಡುವುದು? ಯಜಮಾನರು ಅದನ್ನು ಒರೆಸಿ, ಎಲ್ಲೋ ಒಂದು ಕಡೆ ತಂತಿಯನ್ನೂ ಸುತ್ತಿ, ಮಹಡಿಯ ನನ್ನ ಕೋಣೆಗೆ ಹಾಕಿಸಿಕೊಟ್ಟರು. ಹುಳು ಅನುಭವಿಸಿ ಬಿಟ್ಟ ಎಸಿಯ ಕೆಳಗೆ ನಾನು ವರ್ಗವಾಗುವವರೆಗೂ ಸುಖವಾಗಿ ಮಲಗಿದೆ. ಅಕ್ಕ ಮಾತ್ರ ಒಂದು ದಿನವೂ ಅದರ ಕೆಳಗೆ ಕೂರಲಿಲ್ಲ. "ನಂಗೆ ನೆಗಡಿ ಆಗುತ್ತಮ್ಮ" ಎಂದು ಓಡಿಹೋಗುವರು.

ಗೋಣಿಯ ಕಥೆಯನ್ನು ಅಕ್ಕ ಹೇಳದ ಮನೆಯಿಲ್ಲ. ಮದುವೆಯಲ್ಲಿ ಹೇಳಿದರು, ತಿಥಿಯಲ್ಲಿ ಹೇಳಿದರು, ರೇಷ್ಮೆ ಇಲಾಖೆಯ ಸಾಹೇಬರು ಬಂದಾಗ ಅವರಿಗೂ ನಿಲ್ಲಿಸಿಕೊಂಡು ಹೇಳಿದರು. ತಾನು ಪೆದ್ದಿಯಾದ ಕಥೆಯನ್ನು ಇಷ್ಟು ಹುರುಪಿನಿಂದ ಹೇಳಿಕೊಳ್ಳುವವರನ್ನು ನಾನು ಬೇರೆ ಕಂಡಿಲ್ಲ. ಪ್ರತಿ ಸಲವೂ ಯಜಮಾನರು ಅಲ್ಲೇ ಎಲ್ಲೋ ಇರುತ್ತಿದ್ದರು. ಪ್ರತಿ ಸಲವೂ "ನಾನೇ ಹೋಗಿ ಕಿತ್ತಾಕ್ದೆ" ಎನ್ನುವಾಗ ಅಕ್ಕನ ದನಿ ಒಂದು ಮೆಟ್ಟಿಲು ಏರುತ್ತಿತ್ತು.

ಹೋದ ತಿಂಗಳು ಸುದ್ದಿ ಬಂತು, ಅಕ್ಕ ಹುಳುವಿನ ಮನೆಯ ಕೆಲಸ ಬಿಟ್ಟರಂತೆ. ಮಂಡಿ ನೋವು, ಅಟ್ಟಣಿಗೆ ಹತ್ತಿ ಇಳಿಯಲಾಗುವುದಿಲ್ಲ. ಕೆಲಸವೆಲ್ಲ, ಆಗ ಬೆಂಗಳೂರಿನಲ್ಲಿ ಓದುತ್ತಿದ್ದ ಮಗನನ್ನು ಮದುವೆಯಾಗಿ ಹೊಸದಾಗಿ ಬಂದ ಸೊಸೆಗೆ. ಹುಳ ಬಿಟ್ಟ ಅಕ್ಕ ಹೇಗಿರುತ್ತಾರೋ ಎಂದು ಹೆದರಿಕೊಂಡೇ ನೋಡಲು ಹೋದೆ. ಬೀದಿಯ ತಿರುವಿಗೇ ಅವರ ದನಿ ಕೇಳಿತು, ಜೀವ ಬಂದ ಹಾಗಾಯಿತು! ನನ್ನನ್ನು ಕಂಡು ಮೊಣಕೈ ಹಿಂಡಿ, ಕಾಫಿ ತರುತ್ತೇನೆಂದು ಒಳಗೆ ಹೋದವರು ಅಲ್ಲಿ ಸೊಸೆಗೆ ನನ್ನ ಪರಿಚಯ ಹೇಳತೊಡಗಿದರು. ಪರಿಚಯ ಹೇಳುತ್ತಾ ಗೋಣಿಯ ಕಥೆಗೆ ಬಂದರು.

ಜಗಲಿಯಲ್ಲಿ ನಾನು ಮತ್ತು ಯಜಮಾನರು. ಒಳಗಿನಿಂದ "ನಾನೇ ಹೋಗಿ ಕಿತ್ತಾಕ್ದೆ" ಎಂಬ ಮಾತು ಬಂತು. ಯಜಮಾನರು ತಂತಿ ತಿರುಚುವುದನ್ನು ನಿಲ್ಲಿಸಿದರು.

"ಕಿತ್ತಿದ್ದು ನಾನು ಮೇಡಂ" ಎಂದರು ಮೆಲ್ಲಗೆ.

ನಾನು ಅವರ ಮುಖ ನೋಡಿದೆ.

"ಮೊದಲ್ನೇ ದಿನಾನೇ ಗೊತ್ತಾಗಿತ್ತು ನಂಗೆ. ಹಳೇ ಎಸಿಗೆ ಗೋಣಿ ಸುತ್ತಿದ್ ದಿನಾನೇ. ಬಾವಿ ಮೋಟ್ರು ಬಿಚ್ಚಿ ಜೋಡಿಸ್ದೋನು, ಅಷ್ಟು ತಿಳಿಯಲ್ವಾ? ಸುಮ್ನಿದ್ದೆ."

"ಯಾಕೆ?"

"ಬೆಳೆ ಬೀಳ್ಲಿ ಅಂತ. ಜೆಸಿಬಿಯೋನ್ಗೆ ಮಾತಾಡಿ ಬಂದಿದ್ದೆ." ಅವರು ತಂತಿಯನ್ನೇ ನೋಡುತ್ತಾ ಹೇಳಿದರು. "ರಿಪೇರಿ ಮಾಡ್ಸು, ನಾಕ್ ದಿನ ತಡ್ಕೊ ಅಂದ್ನಲ್ಲ, ಅದೂ ಅದಕ್ಕೇಯ. ಆಮೇಲೆ ಆವತ್ತು ಬಾಗ್ಲಲ್ ನಿಂತ್ಕೊಂಡು ನೋಡ್ದೆ. ಸೆರಗಲ್ಲಿ ಗಾಳಿ ಹಾಕ್ತಾ ಅವ್ಳೆ, ಬಾಯಲ್ಲಿ ಒಂದ್ ಮಾತಿಲ್ಲ. ಅವ್ಳು ಬೈದ್ರೆ ತಡ್ಕೊತೀನಿ ಮೇಡಂ. ಸುಮ್ನೆ ಕೂತಿದ್ದು ನೋಡಕ್ಕಾಗ್ಲಿಲ್ಲ. ಹೋಗಿ ಕಿತ್ತೆ, ಮಡಿಸಿ ಕಾಂಪೌಂಡ್ ಮ್ಯಾಲಿಟ್ಟೆ."

ಒಳಗೆ ಸೊಸೆ ನಗುತ್ತಿದ್ದಳು. ಕಿತ್ತವರು ಯಾರು ಎಂದು ಗೊತ್ತಾದರೆ ಊರು ಇನ್ನೊಂದು ಪ್ರಶ್ನೆ ಕೇಳುತ್ತಿತ್ತು. ಗೋಣಿಯೇ ಕಾರಣವೆಂದು ಅವರಿಗೆ ತಿಳಿದದ್ದು ಯಾವಾಗ ಎಂದು.

"ಅಕ್ಕಂಗೆ ಗೊತ್ತಾ?" ಎಂದು ಕೇಳಿದೆ.

ಯಜಮಾನರು ಉತ್ತರ ಕೊಡುವ ಮೊದಲೇ ಅಕ್ಕ ಕಾಫಿ ಹಿಡಿದು ಬಾಗಿಲಿಗೆ ಬಂದಿದ್ದರು. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ಲೋಟವನ್ನು ನನ್ನ ಕೈಗೆ ಕೊಟ್ಟು, ಗಂಡನ ಕಡೆ ತಿರುಗಿದರು.

"ಆ ಕಥೆ ಹೇಳೋಳು ನಾನು. ನೀವು ಸುಮ್ಕಿರಿ."